ಪಕ್ಕದಲ್ಲಿ ಕೂರುವ ವಿದ್ಯೆ

ಟೂಟಿಂಗ್, ಲಂಡನ್, ಮಾರ್ಚ್ 3

ತಮ್ಮ ಗಣಪಯ್ಯ,

ನೀನು ಫೋನ್ ಎತ್ತುವುದಿಲ್ಲ, ಅದಕ್ಕೆ ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟ ನಾನು ಈ ಕಾರ್ಡು ಗೀಚಬೇಕಾಯ್ತು. ನಿನ್ನ ಮಗಳು ತೃಪ್ತಿ ಇಲ್ಲಿ ಅಮಲು ಪದಾರ್ಥ ಹಂಚುವುದನ್ನು ಕಲಿಯುತ್ತಿದ್ದಾಳೆಂದು ಕೇರಿಗೆಲ್ಲ ಹೇಳಿ, ಅವಳ ತಂಗಿಯ ಮದುವೆಗೇ ಅವಳು ಬರಬೇಡ ಅಂದೆಯಂತೆ. ಸರಿಯಾಗಿ ಕೇಳು. ಮನಸ್ಸು ಕುಸಿದವರಿಗೆ ಡಾಕ್ಟರು ಪ್ರಯೋಗಕ್ಕೆಂದು ಅಣಬೆಯಲ್ಲಿರುವ ಮದ್ದು ಕೊಡುತ್ತಾರೆ. ಅದರ ಮತ್ತು ಇಳಿಯುವವರೆಗೆ ಆರು ಗಂಟೆ ಪಕ್ಕದಲ್ಲಿ ಕೂರುವುದೇ ಇವಳ ಕಲಿಕೆ. ಸರ್ಟಿಫಿಕೇಟ್ ಬಂದರೂ ಮದ್ದು ಕೊಡುವ ಹಕ್ಕಿಲ್ಲ. ನರ್ಸ್ ಆಗಿರುವುದರಿಂದ ಡಾಕ್ಟರ ಕೈಕೆಳಗೆ ಕೂರಬಹುದು, ಅಷ್ಟೇ.

ಭಾನುವಾರ ಅವಳ ಅಭ್ಯಾಸಕ್ಕೆ ನಾನೇ ರೋಗಿ. ಮದ್ದು ಗಿದ್ದು ಇಲ್ಲ, ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಸೋಫಾದಲ್ಲಿ ಮಲಗಿದೆ. ಯಾಕೋ ಅಮ್ಮನ ನೆನಪಾಗಿ ಕಣ್ಣೀರು ಬಂತು.

"ಅತ್ತೆ, ಕೈ ಹಿಡ್ಕೊಳ್ಲಾ?" ಅಂದಳು. ಕೇಳದೆ ಮುಟ್ಟಬಾರದಂತೆ.

"ಹಿಡ್ಕೋ ಮಾರಾಯ್ತಿ, ಅದಕ್ಕೂ ಅರ್ಜಿ ಹಾಕ್ಬೇಕಾ?" ಎಂದು ಬೈದೆ.

ಕೈ ಹಿಡಿದು ಕೂತವಳು ಸಂಜೆವರೆಗೆ ಏಳಲಿಲ್ಲ. ನಮ್ಮ ಮನೆಯಲ್ಲಿ ಯಾರೂ ನನ್ನ ಪಕ್ಕ ಅಷ್ಟು ಹೊತ್ತು ಬಾಯಿ ಮುಚ್ಚಿ ಕೂತದ್ದಿಲ್ಲ.

ನನ್ನ ಮಂಡಿನೋವು ಹಾಗೇ ಇದೆ.

ಬೇಕೆಂದೇ ಕವರಿಲ್ಲದೆ ಕಾರ್ಡು ಹಾಕಿದ್ದೇನೆ. ಪೋಸ್ಟಿನವನು ಓದಿ ಇದನ್ನೂ ಕೇರಿಗೆಲ್ಲ ಹೇಳಲಿ. ಅವಳು ಬಂದರೇ ನಾನೂ ಮದುವೆಗೆ ಬರುವುದು. ಟಿಕೆಟ್ ತೆಗೆಯಬೇಕು, ಇಪ್ಪತ್ತೈದನೇ ತಾರೀಖಿನೊಳಗೆ ಫೋನ್ ಮಾಡಿ ಉತ್ತರ ಕೊಡು.

ಅಕ್ಕ ಗುಲಾಬಿ