ರುಚಿ ನೋಡಿದ್ದು ಲೆಕ್ಕಕ್ಕಿಲ್ಲ

ಹಾಸ್ಟೆಲ್, ರೂಮ್ ನಂಬರ್ ೧೪
ಗುರುವಾರ, ೨೦ನೇ ತಾರೀಖು, ಮಧ್ಯಾಹ್ನ

ಅಮ್ಮಾ,

ಮೊದಲು "ಪ್ರೀತಿಯ" ಅಂತ ಬರೆದು ಹೊಡೆದು ಹಾಕಿದ್ದೇನೆ, ಕಾಣಿಸುತ್ತಿದೆಯಲ್ಲ? ಹಾಗೇ ಇರಲಿ. ಬೇರೆ ಹಾಳೆ ತೆಗೆದುಕೊಳ್ಳುವಷ್ಟು ತಾಳ್ಮೆ ನನಗಿಲ್ಲ. ಕ್ಷೇಮ ಸಮಾಚಾರವನ್ನೂ ಕೇಳುವುದಿಲ್ಲ. ನಿನ್ನ ಕ್ಷೇಮ ಎಷ್ಟರಮಟ್ಟಿಗಿದೆ ಅಂತ ಲ್ಯಾಬ್‌ನವರು ಎರಡೆರಡು ಸಲ ಪ್ರಿಂಟ್ ಹಾಕಿ ಕೊಟ್ಟಿದ್ದಾರೆ.

ಫೋನ್ ಮಾಡಬಹುದಿತ್ತು. ಮಾಡಿದರೆ ನೀನು ಊಟ ಆಯ್ತಾ, ಬಟ್ಟೆ ಒಗೆದ್ಯಾ ಅಂತ ಕೇಳುತ್ತೀಯ. ನಾನು ವಿಷಯಕ್ಕೆ ಬಂದ ತಕ್ಷಣ "ಒಲೆ ಮೇಲೆ ಹಾಲಿದೆ ಕಣೇ, ಆಮೇಲೆ ಮಾಡ್ತೀನಿ" ಅಂತ ಕಟ್. ನೀನು ಸಿಕ್ಕಿಬಿದ್ದಾಗಲೆಲ್ಲ ನಮ್ಮ ಮನೆಯಲ್ಲಿ ಹಾಲು ಉಕ್ಕುತ್ತದೆ. ಅದಕ್ಕೇ ಕಾಗದ. ಹತ್ತನೇ ವಯಸ್ಸಿಗೆ ನನ್ನನ್ನು ಹಾಸ್ಟೆಲ್‌ಗೆ ಹಾಕಿದವಳು ನೀನು. ಆಮೇಲೆ ನನ್ನ ಕನ್ನಡ ಅರ್ಧ ನಿನ್ನ ಕಾಗದಗಳಿಂದ ಬಂತು, ಬೈಗುಳ ಪೂರ್ತಿ ನಿನ್ನಿಂದಲೇ ಬಂತು. ಎರಡನ್ನೂ ಇವತ್ತು ವಾಪಸ್ ಕೊಡುತ್ತಿದ್ದೇನೆ.

ಮೂರು ತಿಂಗಳ ಹಿಂದೆ ಡಾಕ್ಟರಮ್ಮ ಎಷ್ಟು ಸರಳವಾಗಿ ಹೇಳಿದ್ದರು, ನೆನಪಿದೆಯಾ? ಸಕ್ಕರೆ ಕಾಯಿಲೆ ಈಗಷ್ಟೇ ಕಾಣಿಸಿಕೊಂಡಿದೆ, ಗಾಬರಿ ಬೇಡ, ಇವತ್ತಿನಿಂದಲೇ ಮಾತ್ರೆ ಶುರು ಮಾಡೋಣ ಅಂದಿದ್ದರು. ನೀನು ಮೇಜಿನ ಕೆಳಗೆ ನನ್ನ ಕೈ ಹಿಡಿದುಕೊಂಡೆ. ಐಸ್ ಥರ ತಣ್ಣಗಿತ್ತು. ನಮ್ಮಜ್ಜಿ ಇದೇ ಕಾಯಿಲೆಗೆ ಮಾತ್ರೆ ತಿಂದೂ ತಿಂದೂ ಹೋದಳು ಅಂತ ನೀನು ಸಾವಿರ ಸಲ ಹೇಳಿದ್ದೆಯಲ್ಲ, ಆ ಕೈಯಲ್ಲಿ ಅದೆಲ್ಲ ಇತ್ತು. ಆಗ ನಾನು, ಫಸ್ಟ್ ಇಯರ್ ಕೆಮಿಸ್ಟ್ರಿಯ ಮಹಾ ಪಂಡಿತೆ, ಬಾಯಿ ಹಾಕಿದೆ. "ಮೂರು ತಿಂಗಳು ಬರೀ ಪಥ್ಯದಲ್ಲಿ ನೋಡಬಹುದಲ್ವಾ ಮೇಡಂ?" ಅವರು ಕನ್ನಡಕದ ಮೇಲಿಂದ ನೋಡಿ, "ನೋಡಬಹುದು, ಕೆಲವರಿಗೆ ಆಗುತ್ತೆ. ಆದರೆ ಪಥ್ಯ ಅಂದ್ರೆ ಪಥ್ಯ. ಮೂರು ತಿಂಗಳ ಸರಾಸರಿ ಯಾರ ಮುಲಾಜೂ ನೋಡಲ್ಲ" ಅಂದರು.

ನಾನು ಅದನ್ನು ನನ್ನ ಎಕ್ಸಾಮ್ ಅಂತಲೇ ತೆಗೆದುಕೊಂಡೆ. ಸ್ಕೇಲ್ ಇಟ್ಟು, ನಾಲ್ಕು ಬಣ್ಣದ ಪೆನ್ನಲ್ಲಿ ಚಾರ್ಟ್ ಬರೆದೆ. ಅನ್ನ ಒಂದೇ ಬಟ್ಟಲು. ತರಕಾರಿ ಎರಡು. ಟೀಗೆ ಸಕ್ಕರೆ ಸೊನ್ನೆ. ಊಟ ಆದಮೇಲೆ ಇಪ್ಪತ್ತು ನಿಮಿಷ ನಡಿಗೆ. ಬಾಯಿಗೆ ಹೋದದ್ದೆಲ್ಲ ನೋಟ್‌ಬುಕ್ಕಿಗೆ ಹೋಗಬೇಕು. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಬೆರಳು ಚುಚ್ಚಿ ನಂಬರ್ ಕಳಿಸಬೇಕು. ನೀನು ಕಳಿಸಿದೆ. ೧೧೨. ೧೧೮. ೧೦೯. ಆ ಮೆಸೇಜ್ ಬರುವವರೆಗೆ ನಾನು ತಿಂಡಿಯ ಕ್ಯೂನಲ್ಲಿ ಉಗುರು ಕಚ್ಚಿಕೊಂಡು ನಿಂತಿರುತ್ತಿದ್ದೆ. ಬಂದಮೇಲೆ ರೂಮ್‌ಮೇಟ್‌ಗೆ ತೋರಿಸುತ್ತಿದ್ದೆ. ಅವಳು, "ನಿಮ್ಮಮ್ಮ ಸೂಪರ್ ಕಣೇ, ನಮ್ಮಪ್ಪ ಇದ್ದಾರೆ, ಬಿಸ್ಕತ್ತನ್ನ ದಿಂಬಿನ ಕೆಳಗೆ ಇಟ್ಕೋತಾರೆ" ಅನ್ನುತ್ತಿದ್ದಳು. ನನಗೆ ಎಷ್ಟು ಕೊಬ್ಬು ಗೊತ್ತಾ? ನಮ್ಮಮ್ಮ ಹಾಗಲ್ಲ ಅಂತ.

ಹೋದ ವಾರ ರಜೆಗೆ ಬಂದೆ, ಇಬ್ಬರೂ ಡಾಕ್ಟರಮ್ಮನ ಹತ್ತಿರ ಹೋದೆವು. ರಕ್ತ ಪರೀಕ್ಷೆಯ ಆ ಮೂರು ತಿಂಗಳ ಸರಾಸರಿ ಇಳಿಯಬೇಕಿತ್ತು, ಮೊದಲು ೭.೬ ಇದ್ದದ್ದು ಈಗ ೮.೪. ನಾನು ಏನು ಮಾಡಿದೆ ಹೇಳು? ಡಾಕ್ಟರಮ್ಮನ ಮೇಜಿನ ಮೇಲೆ ನಿನ್ನ ನೋಟ್‌ಬುಕ್ಕನ್ನು ದಪ್ಪಂತ ಹಾಕಿ, ನಿಮ್ಮ ಲ್ಯಾಬೇ ಸರಿ ಇಲ್ಲ ಅಂತ ಕೂಗಾಡಿದೆ. ಬಾಗಿಲು ತೆರೆದಿತ್ತು. ಹೊರಗೆ ಕೂತವರೆಲ್ಲ ಕತ್ತು ಚಾಚಿ ನೋಡಿದರು. ಪಾಪ, ಅವರು ಇನ್ನೊಂದು ಸಲ ರಕ್ತ ತೆಗೆಸಿದರು. ಮತ್ತೆ ೮.೪. ಅಷ್ಟು ಹೊತ್ತೂ ನೀನು ಗೋಡೆಯ ಕ್ಯಾಲೆಂಡರ್ ನೋಡುತ್ತಾ ಕೂತಿದ್ದೆ. ನಿನ್ನ ಪರವಾಗಿ ನಾನು ಜಗಳಕ್ಕೆ ನಿಂತಿದ್ದೆ ಅಮ್ಮಾ. ಒಂದು ಸಲ ನನ್ನ ಬಟ್ಟೆ ಹಿಡಿದು ಎಳೆಯಬಾರದಿತ್ತಾ, ಸಾಕು ಸುಮ್ಮನಿರೇ ಅಂತ?

ಮಾರನೇ ದಿನ ನೀನು ಊಟದ ಡಬ್ಬಿ ಮರೆತು ಹೋದೆ. ಕೊಡೋಣ ಅಂತ ಜಾಮ್ ಫ್ಯಾಕ್ಟರಿಗೆ ಬಂದೆ. ನೀನು ಎಂಟು ವರ್ಷದಿಂದ ಹಂಡೆ ಮುಂದೆ ಕೆಲಸ ಮಾಡುವುದು ಗೊತ್ತಿತ್ತು, ಕಣ್ಣಾರೆ ನೋಡಿರಲಿಲ್ಲ. ಕುದಿಸುವ ಕೋಣೆಯ ಗಾಜಿನ ಆಚೆ ನಿಂತೆ. ಸೂಪರ್‌ವೈಸರ್ ಅಂಕಲ್ ಪಾಕದ ಸಕ್ಕರೆ ಅಳೆಯುವ ಕೊಳವೆಯನ್ನು ಬೆಳಕಿಗೆ ಹಿಡಿದು ನೋಡಿ, ಜೇಬಿಗೆ ಹಾಕಿಕೊಂಡು, ನಿನ್ನ ಕಡೆ ತಿರುಗಿದರು. ನೀನು ಹಂಡೆಯ ಜಾಮನ್ನು ಸ್ಟೀಲ್ ಚಮಚದಲ್ಲಿ ತೆಗೆದು, ಊದಿ, ಕಣ್ಣು ಮುಚ್ಚಿ ನುಂಗಿದೆ. ಆಮೇಲೆ ಇನ್ನೊಂದು ಚಮಚ. ತಲೆ ಆಡಿಸಿದೆ. ನೀನು ತಲೆ ಆಡಿಸಿದ ಮೇಲೇ ಹಂಡೆ ಬಗ್ಗಿಸಿದರು. ನಾನು ನಿಂತ ಮುಕ್ಕಾಲು ಗಂಟೆಯಲ್ಲಿ ಐದು ಹಂಡೆ, ಹತ್ತು ಚಮಚ.

ಪಕ್ಕದಲ್ಲಿ ಮುಚ್ಚಳ ತಿರುಗಿಸುವ ಅಜ್ಜಿ ನನ್ನ ಮುಖ ನೋಡಿ, ಯಾಕಮ್ಮ ಅಳ್ತೀಯ ಅಂದರು. ನಮ್ಮಮ್ಮ ಇಷ್ಟೊಂದು ಸಿಹಿ ತಿನ್ನುತ್ತಾರಾ ಅಂದೆ. ಅಜ್ಜಿಗೆ ನಗು. "ಅಯ್ಯೋ ಹುಚ್ಚಿ, ತಿನ್ನಲ್ಲ, ರುಚಿ ನೋಡ್ತಾಳೆ. ಕೊಳವೆ ತಪ್ಪಬಹುದು, ನಿಮ್ಮಮ್ಮನ ನಾಲಿಗೆ ತಪ್ಪಲ್ಲ."

ಸಾಯಂಕಾಲ ಕೇಳಿದರೆ ನೀನೂ ಅದೇ ರಾಗ. ತಿಂದದ್ದೆಲ್ಲ ಬರೆದಿದ್ದೀನಿ ಕಣೇ, ಬೇಕಾದ್ರೆ ಆಣೆ ಹಾಕ್ತೀನಿ, ರುಚಿ ನೋಡೋದನ್ನ ಯಾರಾದ್ರೂ ತಿನ್ನೋದು ಅಂತಾರಾ, ಅದು ಹಂಡೆ ಲೆಕ್ಕ, ನನ್ನ ಹೊಟ್ಟೆ ಲೆಕ್ಕ ಅಲ್ಲ. ಹಾಗಾದರೆ ಉಗುಳು ಅಂದೆ. "ಉಗುಳೋಕೆ ನಾನೇನು ಹಲ್ಲುಜ್ಜ್ತಾ ಇದೀನಾ? ಪಾಕದ ಹದ ನಾಲಿಗೆಗೆ ಅರ್ಧ ಗೊತ್ತಾಗುತ್ತೆ, ಇನ್ನರ್ಧ ಗಂಟಲಿಗೆ" ಅಂದೆ ನೀನು.

ಒಂದು ನಿಮಿಷ ನಂಬಿದೆ. ನಿಜವಾಗಿಯೂ ಗೊತ್ತಿಲ್ಲದೆ ಮಾಡಿದ್ದಾಳೆ, ಅಷ್ಟು ವರ್ಷ ಒಂದೇ ಕೆಲಸ ಮಾಡಿದವರಿಗೆ ಅದು ಊಟ ಅನ್ನಿಸುವುದೇ ಇಲ್ಲ ಅಂತ. ನನ್ನ ಮೇಲೂ ಸಿಟ್ಟು ಬಂತು. ಬೆಳಗಿನ ಅಳತೆ ಒಂದೇ ಸಾಕು ಅಂತ ಬರೆದವಳು ನಾನು ತಾನೇ. ಕೆಲಸ ಮುಗಿದಮೇಲೆ ಒಂದು ಸಲ ಚುಚ್ಚಿಕೋ ಅಂತ ನನ್ನ ನಾಲ್ಕು ಬಣ್ಣದಲ್ಲಿ ಒಂದರಲ್ಲೂ ಇರಲಿಲ್ಲ.

ಆಮೇಲೆ ನೀನು ಸ್ನಾನಕ್ಕೆ ಹೋದಾಗ ಬೆರಳು ಚುಚ್ಚಿ ನೋಡುವ ಮೆಷಿನ್ ತೆಗೆದು ಹಿಂದಿನ ನಂಬರ್‌ಗಳನ್ನು ನೋಡಿದೆ. ಅದು ಎಲ್ಲವನ್ನೂ ನೆನಪಿಟ್ಟುಕೊಳ್ಳುತ್ತದೆ, ನಿನಗೆ ಗೊತ್ತಿರಲಿಲ್ಲ. ಎಲ್ಲ ಬೆಳಗಿನವು. ಎರಡನೇ ವಾರದಲ್ಲಿ ಒಂದೇ ಒಂದು ಮಧ್ಯಾಹ್ನ, ನಾಲ್ಕೂ ಹತ್ತಕ್ಕೆ. ೨೬೮.

ನೋಡಿದ್ದೀಯ. ನಾಲ್ಕಕ್ಕೆ ಕೆಲಸ ಬಿಟ್ಟ ತಕ್ಷಣ ಬಟ್ಟೆ ಬದಲಾಯಿಸುವ ರೂಮಲ್ಲೇ ಚುಚ್ಚಿ ನೋಡಿದ್ದೀಯ. ನೋಡಿದಮೇಲೆ ಮತ್ತೆ ಯಾವತ್ತೂ ಮಧ್ಯಾಹ್ನ ನೋಡಲಿಲ್ಲ. ಮಾರನೇ ದಿನ ನನಗೆ ಬಂದ ಮೆಸೇಜ್: ೧೧೨, ಪಕ್ಕದಲ್ಲಿ ನಗುವ ಮುಖ.

ಆ ಮೆಷಿನ್ನನ್ನು ನಿನ್ನ ಮುಂದೆ ಹಿಡಿದು, ಹಂಡೆ ಕೆಲಸ ಬಿಡು ಅಂದಾಗ ನೀನು ಹೇಳಿದ್ದು ಇನ್ನೂ ಕಿವಿಯಲ್ಲಿದೆ. "ಲೇಬಲ್ ಅಂಟಿಸೋಕೆ ಯಾರಾದ್ರೂ ಕೂರ್ತಾರೆ. ಹಂಡೆ ಮುಂದೆ ಯಾರಿದ್ದಾರೆ ನನ್ನ ಬಿಟ್ಟು?" ಗೊತ್ತು ಅಮ್ಮಾ. ನೀನು ಹಾಸ್ಟೆಲ್‌ಗೆ ಕಳಿಸುತ್ತಿದ್ದ ಜಾಮ್ ಬಾಟಲಿಯನ್ನು ಎಂಟು ಹುಡುಗಿಯರು ಬೆರಳು ಹಾಕಿ ನೆಕ್ಕುತ್ತಿದ್ದೆವು, ಇದು ನಮ್ಮಮ್ಮ ಹದ ಹೇಳಿದ ಜಾಮ್ ಅಂತ ನಾನು ಜಂಬ ಕೊಚ್ಚುತ್ತಿದ್ದೆ. ಆದರೆ ನನಗೆ ಇರುವವಳು ನೀನೊಬ್ಬಳೇ. ಕಣ್ಣು ಹೋದಮೇಲೆ, ಕಿಡ್ನಿ ಹೋದಮೇಲೆ ನಾಲಿಗೆ ಇಟ್ಟುಕೊಂಡು ಏನು ಉಪ್ಪಿನಕಾಯಿ ಹಾಕುತ್ತೀಯಾ?

ಇನ್ನೂ ಮೂರು ತಿಂಗಳು ಪಥ್ಯದಲ್ಲೇ ನೋಡೋಣ ಅಂದೆಯಲ್ಲ, ನನ್ನ ಉತ್ತರ: ಇಲ್ಲ. ನಮ್ಮಜ್ಜಿಯನ್ನು ಮಧ್ಯೆ ತರಬೇಡ. ಅಜ್ಜಿ ಮಾತ್ರೆಯಿಂದ ಹೋಗಲಿಲ್ಲ, ಕಾಲಿನ ಬೆರಳು ಕಪ್ಪಾದಮೇಲೆ ಮಾತ್ರೆ ಶುರು ಮಾಡಿದ್ದರಿಂದ ಹೋದಳು. ನೀನೇ ಹೇಳಿದ ಕಥೆ, ನೀನೇ ಅರ್ಧ ನುಂಗಿದ್ದೀಯ. ಡಾಕ್ಟರಮ್ಮ ಹೇಳಿದ್ದು ಪಥ್ಯ ಬಿಡು ಅಂತಲ್ಲ, ಮಾತ್ರೆಯ ಜೊತೆ ಪಥ್ಯ ಅಂತ. ನಂಬರ್ ಇಳಿದರೆ ಮಾತ್ರೆ ಕಡಿಮೆ ಮಾಡುವುದನ್ನು ಅವರೇ ನೋಡುತ್ತಾರಂತೆ. ಅವರು ಬರೆದುಕೊಟ್ಟ ಮಾತ್ರೆ ಚೀಟಿ ಫ್ರಿಜ್ ಮೇಲಿದೆ, ಮಡಚಿಟ್ಟ ಹಾಗೇ ಇರುತ್ತದೆ, ನನಗೆ ಗೊತ್ತು. ಈ ಕಾಗದ ಓದಿ ಮುಗಿಸಿ, ಚಪ್ಪಲಿ ಹಾಕಿಕೊಂಡು ಔಷಧಿ ಅಂಗಡಿಗೆ ಹೋಗು. ಅತ್ತುಕೊಂಡಾದರೂ ಹೋಗು.

ಇಂತಿ,
ಸಿಟ್ಟು ಇಳಿಯದ ನಿನ್ನ
ಸಿಡುಕಿ

ತಾ.ಕ.: ಇದನ್ನು ಬರೆಯಲು ಕೂರುವ ಮೊದಲು ಸೂಪರ್‌ವೈಸರ್ ಅಂಕಲ್‌ಗೆ ಫೋನ್ ಮಾಡಿದೆ. ನಿನಗೆ ಸಕ್ಕರೆ ಕಾಯಿಲೆ ಅಂತ ಹೇಳಿಬಿಟ್ಟೆ. ಅವರಿಗೆ ಗೊತ್ತೇ ಇರಲಿಲ್ಲ. ಸೋಮವಾರದಿಂದ ಹಂಡೆ ಮುಂದೆ ಬೇಡ, ಲೇಬಲ್ ಕಡೆ ಕೂರಿಸ್ತೀನಿ ಅಂದರು. ಫೋನ್ ಇಡುವ ಮುಂಚೆ, "ನೀನು ಫೋನ್ ಮಾಡ್ತಿರೋದು ಅಮ್ಮನಿಗೆ ಗೊತ್ತು ತಾನೇ ಮಗಳೇ?" ಅಂತ ಕೇಳಿದರು. ಗೊತ್ತು ಅಂದೆ.