ಅನುಮತಿಯಿಲ್ಲದೆ ಎತ್ತಲಾದ ನನ್ನ ಎರಡು ಕಾಲುಗಳ ಕುರಿತು

ಮಾನ್ಯ ಆಸ್ಪತ್ರೆ ಆಡಳಿತಾಧಿಕಾರಿಗಳೇ,

ತೀವ್ರ ನಿಗಾ ಘಟಕದ ಹಿರಿಯ ದಾದಿಗೆ ತಾವು ಕೊಟ್ಟು, ಎಲ್ಲರಿಗೂ ಬುದ್ಧಿ ಬರಲೆಂದು ಸೂಚನಾ ಫಲಕದಲ್ಲೂ ಅಂಟಿಸಿರುವ ಮೆಮೊದಲ್ಲಿ "ನಾಲ್ಕನೇ ಮಂಚದ ರೋಗಿಯ ಕಾಲುಗಳನ್ನು ನಿಯಮಬಾಹಿರವಾಗಿ ಎತ್ತಿದ್ದು" ಎಂಬ ಆರೋಪವಿದೆ. ಆ ಕಾಲುಗಳ ಮಾಲೀಕ ನಾನೇ. ನಾನು ಯಾವ ದೂರನ್ನೂ ಕೊಟ್ಟಿಲ್ಲ, ಕಾಲುಗಳೂ ಕೊಟ್ಟಂತೆ ಕಾಣೆ. ಹಾಗಿದ್ದೂ ಸೋಮವಾರ ಆಕೆಯ ವಿಚಾರಣೆಯಂತೆ, ಕೆಲಸ ಉಳಿಯುವುದೋ ಹೋಗುವುದೋ ಅಂದೇ ತೀರ್ಮಾನವಂತೆ.

ನಾನು ಮೂವತ್ತೊಂದು ವರ್ಷ ಹೆಡ್ ಕ್ಲರ್ಕ್ ಆಗಿದ್ದವನು. ಮೆಮೊ ಬರೆಯುವುದೇ ನನ್ನ ಕಸುಬು. ತಮ್ಮದನ್ನು ಓದುವಾಗ ಕೈ ತಾನಾಗಿ ಕೆಂಪು ಶಾಯಿಯ ಪೆನ್ನು ಹುಡುಕಿತು. "ನಮೂನೆಯಲ್ಲಿ ರೋಗಿಯ ಸಹಿ ಪಡೆದಿರುವುದಿಲ್ಲ" ಎಂದಿದ್ದೀರಿ. ಆ ಹೊತ್ತಿಗೆ ಸೋಂಕು ರಕ್ತಕ್ಕಿಳಿದು, ರಕ್ತದೊತ್ತಡ ಪಾತಾಳ ಕಂಡು, ಹೆತ್ತ ಮಗಳನ್ನೇ "ಯಾರಮ್ಮ ನೀನು?" ಎಂದು ಕೇಳುತ್ತಿದ್ದೆನಂತೆ. ಅಂಥ ಸಣ್ಣ ಕಾರಣಕ್ಕೆ ಸಹಿ ತಪ್ಪಿಸಿದ್ದಕ್ಕೆ ಕ್ಷಮೆಯಿರಲಿ.

ತಾವು ಐದನೇ ಮಹಡಿಯವರು, ಕೆಳಗೆ ನಡೆಯುವುದು ತಿಳಿದಿರಲಾರದು. ಮೂರು ಬಾಟಲಿ ಸಲೈನ್ ಅದಾಗಲೇ ನನ್ನೊಳಗೆ ಇಳಿದಿತ್ತು. ಒತ್ತಡ ಏರಲಿಲ್ಲ, ಮುಖ ಮಾತ್ರ ಊದಿತು. ನಾಲ್ಕನೆಯದು ಹಾಕಬೇಕೇ, ಬೇಡವೇ? ಹೃದಯಕ್ಕೆ ಬೇಡವಾದ ನೀರು ಶ್ವಾಸಕೋಶಕ್ಕೆ ನುಗ್ಗುತ್ತದೆ, ಒಮ್ಮೆ ಹೋದದ್ದನ್ನು ಸುಲಭವಾಗಿ ಹೊರತೆಗೆಯಲಾಗದು. ಅದಕ್ಕೇ ಈ ಕಾಲೆತ್ತುವ ಪರೀಕ್ಷೆ. ಒರಗಿ ಕೂತಂತಿರುವ ರೋಗಿಯ ಬೆನ್ನಿನ ಕಡೆ ಮಂಚವನ್ನು ತಗ್ಗಿಸಿ, ಕಾಲಿನ ಕಡೆ ಎತ್ತುತ್ತಾರೆ. ಕಾಲಿನ ರಕ್ತ ಎದೆಗೆ ಹರಿಯುತ್ತದೆ, ಬಾಟಲಿ ಹಾಕದೆಯೇ ಬಾಟಲಿ ಹಾಕಿದ ಹಾಗೆ. ಒಂದು ನಿಮಿಷದಲ್ಲಿ ಹೃದಯ ಹೆಚ್ಚು ರಕ್ತ ದೂಡಿತೋ, ಸಲೈನ್‌ನಿಂದ ಪ್ರಯೋಜನವುಂಟು. ಇಲ್ಲವೋ, ಬೇರೆ ದಾರಿ. ಕಾಲು ಇಳಿಸಿದರೆ ಎಲ್ಲವೂ ಮೊದಲಿನಂತೆ. ಇಷ್ಟು ಸಲೀಸಾಗಿ ಹಿಂಪಡೆಯಬಹುದಾದ ತೀರ್ಮಾನವನ್ನು ನನ್ನ ಇಡೀ ಸೇವಾವಧಿಯಲ್ಲಿ ಕಂಡಿಲ್ಲ. ಆದರೆ ಕಾಲನ್ನು ಕೈಯಿಂದ ಎಳೆದೆತ್ತುವಂತಿಲ್ಲ. ರೋಗಿ ನೋವಿಗೆ ಬೆಚ್ಚಿದರೆ ಎದೆ ಹೊಡೆದುಕೊಂಡು ಫಲಿತಾಂಶ ಸುಳ್ಳಾಗುತ್ತದೆ. ಮಂಚವೇ ಬಾಗಬೇಕು, ಅದಕ್ಕೆ ರಿಮೋಟ್ ಬೇಕು.

ರಿಮೋಟ್ ಎಲ್ಲಿತ್ತು? ಒಂದು ಕಳೆದುಹೋಯಿತೆಂದು ತಾವು ಉಳಿದವನ್ನೆಲ್ಲ ಉಗ್ರಾಣದ ಕಪಾಟಿಗೆ ತುಂಬಿ ಬೀಗ ಜಡಿಸಿದ್ದೀರಿ. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡರಂತೆ. ಕೀಲಿ ಉಗ್ರಾಣದವರ ಜೇಬಿನಲ್ಲಿ, ಉಗ್ರಾಣದವರು ಊಟಕ್ಕೆ. ದಾದಿ ಅವರಿಗೆ ಫೋನ್ ಮಾಡಿದಾಗ ಮಗಳು ಪಕ್ಕದಲ್ಲೇ ಇದ್ದಳು.

"ಪೇಷೆಂಟ್ ಕೈಕಾಲು ತಣ್ಣಗಾಗ್ತಿದೆ ಸಾರ್, ಬೇಗ ಬನ್ನಿ."

"ಫಾರಂ ತುಂಬಿಟ್ಟಿರಿ ಸಿಸ್ಟರ್. ಸಾಹೇಬ್ರ ಸಹಿ ಆದ್ಮೇಲೆ ಹೇಳಿ. ಈಗಷ್ಟೇ ತಟ್ಟೆಗೆ ಕೈ ಹಾಕಿದೀನಿ."

ದಾದಿ ಫೋನಿಟ್ಟು, ಬ್ಯಾಂಡೇಜಿನ ದೊಡ್ಡ ಕತ್ತರಿ ಹಿಡಿದು ಹೋಗಿ ಕಪಾಟಿನ ಕೊಂಡಿಯನ್ನೇ ಮೀಟಿ ಕಿತ್ತಳು. ಮಂಚ ಬಾಗಿತು. ವೈದ್ಯೆ ಎದೆಯ ಮೇಲೆ ಸ್ಕ್ಯಾನಿನ ಸಾಧನವಿಟ್ಟು ನೋಡಿ, "ಏನೂ ಏರ್ತಿಲ್ಲ. ನೀರು ಸಾಕು, ಡ್ರಿಪ್ ನಿಲ್ಸಿ, ಬೇರೆ ಔಷಧಿ ಶುರು ಮಾಡೋಣ" ಅಂದರಂತೆ. ನಾನು ಬದುಕಿದೆ. ಸತ್ತದ್ದು ಒಂದು ಕೊಂಡಿ. ಮೇಲಿನವರ ಕಾಲು ಹಿಡಿಯಲು ಯಾವ ಕಚೇರಿಯಲ್ಲೂ ನಮೂನೆಯಿಲ್ಲ, ರೋಗಿಯ ಕಾಲು ಎತ್ತಲು ಮಾತ್ರ ಮೂರು ಸಹಿ ಏಕೆ ಸ್ವಾಮಿ?

ಕಪಾಟಿಗೆ ಹೊಸ ಕೊಂಡಿ ಬಿತ್ತು, ಮೆಮೊ ಅಂಟಿಸಿದ ಮೇಲೆ ಉಳಿದ ದಾದಿಯರು ಹೆದರಿದರು. ಹೆದರದೆ ಏನು ಮಾಡಿಯಾರು? ಪಕ್ಕದ ಐದನೇ ಮಂಚಕ್ಕೆ ಶಾಲಾ ವ್ಯಾನ್ ಓಡಿಸುವ ಹೆಂಗಸೊಬ್ಬಳು ಬಂದಳು. ನನ್ನದೇ ಕಾಯಿಲೆ. ಬೆಳಿಗ್ಗೆ ಒಂಬತ್ತಕ್ಕೆ ನಮೂನೆ ಮೇಲಕ್ಕೆ ಹೋಯಿತು, ಅವಳ ಪರವಾಗಿ ಒಡಹುಟ್ಟಿದ ತಮ್ಮನೇ ಸಹಿ ಹಾಕಿದ್ದ. ರಿಮೋಟ್ ಬರುವ ತನಕ ಅಂದಾಜಿನ ಮೇಲೆ ಬಾಟಲಿಗಳು ಇಳಿದವು. ಅವಳ ಉಸಿರಿನಲ್ಲಿ ನೀರಿನ ಗುಳುಗುಳು ನನ್ನ ಮಂಚಕ್ಕೆ ಕೇಳುತ್ತಿತ್ತು. "ಅಕ್ಕಂಗೆ ಏನಾದ್ರೂ ಮಾಡಿ ಸಿಸ್ಟರ್" ಎಂದು ತಮ್ಮ ಅಂಗಲಾಚುತ್ತಿದ್ದ. ಪರೀಕ್ಷೆ ಮಾಡಿದ್ದರೆ ಉಳಿಯುತ್ತಿದ್ದಳೆಂದು ಖಚಿತವಾಗಿ ಹೇಳಲಾಗದು ಎನ್ನುತ್ತಾರೆ ವೈದ್ಯೆ. ಒಪ್ಪುತ್ತೇನೆ. ಆದರೆ ತಿಳಿದುಕೊಳ್ಳಲು ಬೇಕಿದ್ದ ಆ ಒಂದು ನಿಮಿಷ ಅವಳಿಗೆ ಸಿಗಲಿಲ್ಲ. ನನಗೆ ಸಿಟ್ಟು ಬಂದಿದೆ. ಇಂಥ ನಮೂನೆಗಳನ್ನು ನಾನೂ ರಾಶಿಗಟ್ಟಲೆ ಬರೆದವನೆಂದು ನಾಚಿಕೆಯೂ ಆಗಿದೆ.

ಅವಳ ಅನುಮತಿ ಪತ್ರ ಸಂಜೆ ನಾಲ್ಕಕ್ಕೆ ಬಂತು. ಮಂಚಕ್ಕೆ ಆಗಲೇ ಹೊಸ ಹೊದಿಕೆ ಹಾಸಿದ್ದರು. ನಾನು ಕೇಳಿ ಪಡೆದು ಓದಿದೆ. ಸಹಿ, ಮುದ್ರೆ, ದಿನಾಂಕ ಎಲ್ಲವೂ ಸರಿಯಾಗಿದ್ದವು. ಅದರಲ್ಲಿ ಒಂದು ತಪ್ಪೂ ಹುಡುಕಲಾಗಲಿಲ್ಲ.

ಆದ್ದರಿಂದ ಮೆಮೊ ಹಿಂಪಡೆಯಿರಿ, ರಿಮೋಟ್‌ಗಳನ್ನು ಆಯಾ ಮಂಚಕ್ಕೇ ಕಟ್ಟಿಸಿ. ಆಗದು ಎನ್ನುವುದಾದರೆ ಸೋಮವಾರದ ವಿಚಾರಣೆಗೆ ಆ ತಮ್ಮನನ್ನೂ ಕರೆಸಿ. ದಾದಿ ಮಾಡಿದ ಅಪರಾಧವೇನೆಂದು ಅವನ ಮುಖ ನೋಡುತ್ತ, ಗಟ್ಟಿಯಾಗಿ ಓದಿ ಹೇಳಿ.

ಇಂತಿ,
ಸಹಿ ಮಾಡುವಷ್ಟು ಈಗಷ್ಟೇ ಚೇತರಿಸಿಕೊಂಡಿರುವ,
ನಾಲ್ಕನೇ ಮಂಚದ ನಿವೃತ್ತ ಹೆಡ್ ಕ್ಲರ್ಕ್