ಇಬ್ಬರಿಗಷ್ಟೇ ಜಾಗ

ಸಕಲರ ಅಂತರಂಗವನ್ನು ಬಲ್ಲ ಭಗವಂತನ ಪಾದಗಳಿಗೆ ನಮಿಸಿ, ಹದಿನಾಲ್ಕನೆಯ ತಾರೀಖು ಗುರುವಾರ, ಪ್ರಾತಃಕಾಲದ ಪ್ರಾರ್ಥನೆಯ ತರುವಾಯ, ಅಪ್ಪನ ಮೇಜಿನಿಂದ.

ಪ್ರೀತಿಯ ತಂಗಿಗೆ ಅಕ್ಕನ ಆಶೀರ್ವಾದಗಳು. ಶಸ್ತ್ರಚಿಕಿತ್ಸೆಯಾದ ಮೊಣಕಾಲು ಈಗ ಹೇಗಿದೆ? ನೋವು ತಗ್ಗಿತೆಂದು ಮೆಟ್ಟಿಲು ಹತ್ತುವ ಸಾಹಸ ಮಾಡಬೇಡ. ಚೇತರಿಕೆಗೆ ನನ್ನ ಮನೆಯನ್ನು ಬಿಟ್ಟು ನಾದಿನಿಯ ಮನೆಯನ್ನು ಆರಿಸಿಕೊಂಡೆಯಲ್ಲ, ಆ ಮಾತನ್ನು ನಾನು ಎತ್ತಲಾರೆ, ಎತ್ತಿಯೂ ಆಯಿತು.

ಅಪ್ಪನ ಪ್ರವಚನಗಳನ್ನು ನಾವಿಬ್ಬರೂ ಅವರವರ ಮನೆಯಲ್ಲೇ ಕುಳಿತು ತಿದ್ದುವ ಕಂಪ್ಯೂಟರಿನ ಕಡತದಲ್ಲಿ, ನಿನ್ನ ಹೆಸರು ಹೊತ್ತ ಹಸಿರು ಗೆರೆ ಸಾಲಿನಿಂದ ಸಾಲಿಗೆ ಸರಿಯುವುದನ್ನು ಕಾಣುವುದೇ ನನಗೆ ದಿನದ ಎರಡನೆಯ ಪೂಜೆಯಾಗಿತ್ತು. ಕಳೆದ ವಾರದಿಂದ ಅದರ ಮಗ್ಗುಲಲ್ಲಿ ಕೆಂಪು ಗೆರೆಯೊಂದು ಮೂಡತೊಡಗಿದೆ: ನಿನ್ನ ನಾದಿನಿಯದು. ಅದು ಮೂಡಿದೊಡನೆ ನನ್ನ ಪರದೆ ‘ನಿಮ್ಮ ಸೆಷನ್ ಮುಗಿದಿದೆ’ ಎಂದು ಘೋಷಿಸಿ ನನ್ನನ್ನು ಹೊರದಬ್ಬುತ್ತದೆ. ಮೊದಲು ಬಂದ ಕಿವಿಗಿಂತ ಆಮೇಲೆ ಬಂದ ಕೊಂಬೇ ಉದ್ದವೆಂಬುದನ್ನು ಯಂತ್ರವೂ ಕಲಿತುಬಿಟ್ಟಿದೆಯೆಂದು ನನ್ನ ಹೊಟ್ಟೆ ಉರಿಯಿತು. ಈ ವ್ಯವಸ್ಥೆಯನ್ನು ಹೂಡಿಕೊಟ್ಟ ಅಳಿಯನನ್ನು ಕರೆಸಿ ಕೇಳಿದೆ. ಆತ ನಕ್ಕ. “ಅತ್ತೆ, ಒಂದು ಸಲಕ್ಕೆ ಇಬ್ಬರಿಗಷ್ಟೇ ಜಾಗ. ಮೂರನೆಯವರು ಬಂದ್ರೆ, ಏನೂ ಬರೀದೆ ಸುಮ್ನೆ ಕೂತವರನ್ನ ಅದು ಆಚೆ ಕಳಿಸತ್ತೆ.”

“ನಾನೇನು ಸುಮ್ನೆ ಕೂತಿರಲಿಲ್ಲಪ್ಪ, ನನ್ನ ತಂಗೀನ ನೋಡ್ತಿದ್ದೆ” ಎಂದೆ.

“ನೀವು ನೋಡೋದು ಅದಕ್ಕೆ ಕಾಣಲ್ವಲ್ಲ ಅತ್ತೆ!”

ಎಷ್ಟು ಸಲೀಸಾಗಿ ಹೇಳಿದ! ಅಪ್ಪನ ಬಾಯಿಂದ ಆ ಪ್ರವಚನಗಳನ್ನು ಕೇಳುತ್ತ ಒಂದೇ ಚಾಪೆಯ ಮೇಲೆ ಕುಳಿತವರು ನಾವಿಬ್ಬರು. ಅಪ್ಪನ ದನಿಯನ್ನೇ ಕೇಳದ ಆಕೆ ಅಲ್ಪವಿರಾಮಗಳನ್ನು ತಿದ್ದಿ ನಿನ್ನ ಪಕ್ಕದಲ್ಲಿ ಉಳಿಯುತ್ತಾಳೆ. ಚೆನ್ನಾಗಿಯೇ ತಿದ್ದುತ್ತಾಳೆ, ಅದು ಇನ್ನೂ ಸಹಿಸಲಾಗದ್ದು.

ಮನೆಯವರೆಲ್ಲರಿಗೂ ನನ್ನ ನೆನಪುಗಳನ್ನು ತಿಳಿಸು.

ಇತಿ,
ನಿನ್ನ ಅಕ್ಕ

ಮರೆತ ಮಾತು: ಏಳನೆಯ ಪ್ರವಚನದ ತುಂಬ ‘ಓಂ ಓಂ ಓಂ’ ಎಂದಿರುವುದು ಅಪ್ಪನದಲ್ಲ, ನನ್ನದು. ನಿನ್ನೆ ಯಂತ್ರ ನನ್ನನ್ನು ದಬ್ಬದಿರಲೆಂದು ಒತ್ತುತ್ತಲೇ ಇದ್ದೆ. ಕೆಂಪು ಗೆರೆಯೇ ಮಾಯವಾಯಿತು, ನಾನು ಹಿಗ್ಗಿದೆ. ಅಷ್ಟರಲ್ಲಿ ನಿನ್ನ ಫೋನು: “ಅಕ್ಕಾ, ಪಾಪ, ನನ್ನ ಕಾಲಿಗೆ ಎಣ್ಣೆ ಹಚ್ಚೋಕೆ ಅಂತ ಎದ್ದಿದ್ಲು, ಅವಳನ್ನ ಆಚೆ ಹಾಕ್ಬಿಡ್ತು. ಈ ಓಂ ಎಲ್ಲ ಏನಕ್ಕಾ?” ಅದಕ್ಕೆ ಉತ್ತರ ಇದು. ಕಡತದಲ್ಲಿ ಬರೆದರೆ ಆಕೆ ಓದುವಳೆಂದು ಕಾಗದದಲ್ಲಿ ಬರೆದಿದ್ದೇನೆ. ಬೆಳಗಿನ ಹೊತ್ತು ಆಕೆಗಿರಲಿ. ಸಂಜೆ ದೀಪ ಹಚ್ಚಿದ ಮೇಲೆ ನೀನೊಬ್ಬಳೇ ಬಾ, ಏನೂ ಬರೆಯದಿದ್ದರೂ ಸರಿ. ಭಗವಂತ ನಿನ್ನ ಮೊಣಕಾಲಿಗೆ ಬಲವನ್ನೂ, ಅದಕ್ಕೆ ಎಣ್ಣೆ ಹಚ್ಚುವ ಕೈಗಳಿಗೆ ಆಯುಷ್ಯವನ್ನೂ, ಅಳಿಯನ ನಗುವಿಗೆ ಮಿತಿಯನ್ನೂ, ನನಗೆ ಆ ಕೈಗಳನ್ನು ಸಹಿಸುವಷ್ಟು ಮನಸ್ಸನ್ನೂ ಕರುಣಿಸಲಿ.